ಅಯ್ಯಗಾರ ಮಾತು, ನನ್ನ ಕನ್ನಡ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಕುರುಗೋಡಿನ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಅಯ್ಯಗಾರು ಪ್ರಸಂಗಕ್ಕೆ ಎದ್ದರೆ ಅವರ ಎಡಗಡೆ ನಾನೂ ಎದ್ದು ನಿಲ್ಲಬೇಕು. ಅವರು ತೆಲುಗಿನಲ್ಲಿ ಒಂದು ವಾಕ್ಯ ಹೇಳುತ್ತಾರೆ, ನಾನು ಅದನ್ನು ಕನ್ನಡದಲ್ಲಿ ಹೇಳುತ್ತೇನೆ. ಅವರು ಕೈ ಎತ್ತಿದರೆ ನಾನೂ ಅರ್ಧ ಎತ್ತುತ್ತೇನೆ, ಅವರು ದನಿ ತಗ್ಗಿಸಿದರೆ ನಾನೂ ತಗ್ಗಿಸುತ್ತೇನೆ. ಹೀಗೆ ಹತ್ತೊಂಬತ್ತು ವರ್ಷ ನಿಂತಿದ್ದೇನೆ. ಸಿರುಗುಪ್ಪದ ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರು, ಅಲ್ಲಿ ಯಾರ ಮಾತನ್ನೂ ಅನುಸರಿಸಿ ಅಭ್ಯಾಸವಿಲ್ಲ. ವಾರದಲ್ಲಿ ಆರು ದಿನ ನಾನು ಹೇಳಿದ್ದೇ ಸರಿ ಎಂದು ಬದುಕಿ, ಏಳನೆಯ ದಿನ ಇನ್ನೊಬ್ಬರು ಹೇಳಿದ್ದನ್ನು ಚಾಚೂ ತಪ್ಪದೆ ಹೇಳುವುದು ನನ್ನಂಥವಳಿಗೆ ಒಳ್ಳೆಯ ಶಿಕ್ಷೆ ಎಂದು ನಮ್ಮವ್ವ ನಗುತ್ತಾಳೆ.

ಅಯ್ಯಗಾರು ಎಂದರೆ ನಮ್ಮ ಪಾಸ್ಟರು. ನಮ್ಮ ಕಡೆ ಎಲ್ಲರೂ ಅವರನ್ನು ಹಾಗೇ ಕರೆಯುವುದು. ಅವರಿಗೆ ಕನ್ನಡ ಬರುವುದಿಲ್ಲ ಎಂದುಕೊಳ್ಳಬೇಡಿ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಬಸ್ಸಿನಲ್ಲಿ ಸೀಟು ಕೇಳುವಾಗ, ನಮ್ಮವ್ವನ ಮಂಡಿನೋವು ವಿಚಾರಿಸುವಾಗ ಅವರದು ಅಪ್ಪಟ ಬಳ್ಳಾರಿ ಸೀಮೆಯ ಕನ್ನಡ. ಆದರೆ ಅವರು ಸತ್ಯವೇದ, ಅಂದರೆ ಬೈಬಲ್, ಕಲಿತದ್ದು ಗಡಿಯಾಚೆ, ತೆಲುಗಿನಲ್ಲಿ. ಒಮ್ಮೆ ನಾನು ಕೇಳಿದ್ದಕ್ಕೆ, "ಕನ್ನಡದಾಗ ನಿಂತು ಹೇಳಾಕ ಹೋದ್ರ ನನ್ನ ಮಾತು ಸಂತಿ ಮಾತಾಗ್ತೈತಿ ಅಮ್ಮಾಯಿ, ದೇವರ ಮಾತು ಆಗಂಗಿಲ್ಲ" ಎಂದಿದ್ದರು. ಅಮ್ಮಾಯಿ ಎಂದರೆ ತೆಲುಗಿನಲ್ಲಿ ಹುಡುಗಿ. ನನಗೆ ನಲವತ್ತಾರು ತುಂಬಿದರೂ ಅವರ ಬಾಯಲ್ಲಿ ನಾನು ಅಮ್ಮಾಯಿಯೇ. ನಮ್ಮಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಎರಡೂ ಭಾಷೆ ಗೊತ್ತು. ಅವರು ಒಂದೇ ಮಾತನ್ನು ಎರಡು ಸಲ ಕೇಳಿ, ಎರಡನೆಯ ಸಲ ತಲೆ ಆಡಿಸುತ್ತಾರೆ.

ನಾನು ಸತ್ಯವೇದವನ್ನು ಪಾಠವಾಗಿ ಓದಲು ಹೊರಟಿದ್ದು ತೀರ ಸಣ್ಣ ಕಾರಣಕ್ಕೆ. ಶಾಲೆಯಲ್ಲಿ ಹಳಗನ್ನಡದ ಒಂದು ಪದ್ಯ ಪಾಠ ಮಾಡುವಾಗ ಕವಿಯ ಕಾಲ, ಆಶ್ರಯ, ಪಾಠಾಂತರ ಎಲ್ಲ ಹೇಳಿ ಮುಗಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಟೀಚರ್, ನಿಮ್ ಬೈಬಲ್ಲಿಗೂ ಹಿಂಗ ಇರ್ತಾವೇನ್ರಿ?" ಎಂದಳು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ, "ಕೂಡು ಸುಮ್ನ" ಎಂದೆ. ಅವಳು ಕೂತಳು, ಪ್ರಶ್ನೆ ಮಾತ್ರ ನನ್ನ ಜೊತೆ ಬಸ್ಸು ಹತ್ತಿ ಬಳ್ಳಾರಿಯ ನನ್ನ ಮನೆಗೆ ಬಂತು. ಆ ವರ್ಷವೇ ಅಲ್ಲಿನ ಪಾರ್ವತಿನಗರದಲ್ಲಿ ಒಂದು ಟೇಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಡೆಯುತ್ತಿದ್ದ ದೈವಶಾಸ್ತ್ರದ ಕ್ಲಾಸಿಗೆ ಸೇರಿದೆ. ಪ್ರತಿ ಶನಿವಾರ ಮಧ್ಯಾಹ್ನ ಮೂರು ಗಂಟೆ. ಕೆಳಗೆ ಹೊಲಿಗೆ ಯಂತ್ರಗಳ ಸದ್ದು, ಮೇಲೆ ನಾವು ಹನ್ನೊಂದು ಜನ.

ಹಸ್ತಪ್ರತಿಗಳ ವಿಷಯಕ್ಕೆ ಅಲ್ಲಿ ಪಾಠ ಹೇಳುವವರು ಸಿಗದೆ, ಸತ್ಯನಾರಾಯಣಪೇಟೆಯಿಂದ ನಿವೃತ್ತ ಕಾಲೇಜು ಮೇಷ್ಟ್ರೊಬ್ಬರನ್ನು ಕರೆಸಿದ್ದರು. ಹಣೆಯಲ್ಲಿ ಅಂಗಾರ, ಅಕ್ಷತೆ, ಬಗಲಲ್ಲಿ ಸ್ವಂತ ನೀರಿನ ಬಾಟಲಿ. ನಾವು ಕೊಟ್ಟ ಚಹಾ ಮುಟ್ಟುತ್ತಿರಲಿಲ್ಲ. ಮೊದಲ ದಿನ ನನಗೆ ಪಿತ್ತ ನೆತ್ತಿಗೇರಿತು. ನಮ್ಮ ನೀರು ಕುಡಿಯದವರು ನಮ್ಮ ಗ್ರಂಥ ಏನು ಹೇಳಿಕೊಟ್ಟಾರು ಎಂದು ಪಕ್ಕದವಳಿಗೆ ಕೇಳುವಂತೆಯೇ ಅಂದೆ. ಮೇಷ್ಟ್ರಿಗೂ ಕೇಳಿಸಿತು. ಅವರು ಸಿಟ್ಟಾಗಲಿಲ್ಲ.

"ನನಗ ಗ್ರೀಕ್ ಬರೋದಿಲ್ಲ, ಹೀಬ್ರೂನೂ ಬರೋದಿಲ್ಲ" ಎಂದರು. "ನಲವತ್ತು ವರ್ಷ ತಾಳೆಗರಿ ಓದೀನಿ, ಅಷ್ಟ. ಆದ್ರ ನಕಲು ಮಾಡೋ ಮನುಷ್ಯಾನ ಕೈ ಎಲ್ಲಾ ದೇಶದಾಗೂ ಒಂದ ಥರಾ ದಣೀತದ. ಒಂದು ಸಾಲು ಬಿಡ್ತಾನ, ಒಂದು ಸಾಲು ಎರಡು ಸಲ ಬರೀತಾನ. ಒಮ್ಮೊಮ್ಮೆ ಮೂಲ ಸರಿ ಇಲ್ಲ ಅನಿಸಿ ತನ್ನವೂ ಎರಡು ಮಾತು ಸೇರಸ್ತಾನ. ಅದನ್ನ ಗುರುತು ಹಿಡಿಯೋದು ಕಲಿಸ್ತೀನಿ."

ಕಲಿಸಿದರು. ಯಾವ ಮಾತೇ ಇರಲಿ, ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಎಂಥ ಹೊತ್ತಿನಲ್ಲಿ ಹೇಳಿದ್ದು ಎಂದು ಕೇಳದೆ ಅರ್ಥ ಹೇಳಕೂಡದು ಎಂಬುದು ಅವರ ಮೊದಲ ಪಾಠ. ಸತ್ಯವೇದದ ಮೊದಲ ಪುಟಗಳಲ್ಲಿಯೇ ಸೃಷ್ಟಿಯ ಕಥೆ ಎರಡು ಬಗೆಯಾಗಿ ಪಕ್ಕಪಕ್ಕದಲ್ಲಿ ಕೂತಿದೆ ಎಂದು ಅವರು ತೋರಿಸಿದ ದಿನ ನಾನು ಜಗಳಕ್ಕೇ ಬಿದ್ದೆ. ಚಿಕ್ಕಂದಿನಿಂದ ಓದಿದ್ದೇನೆ, ಎರಡೆಂದು ಒಮ್ಮೆಯೂ ಕಂಡಿರಲಿಲ್ಲ. ಕಂಡ ಮೇಲೆ ಕಾಣದಂತೆ ಇರಲು ಆಗಲಿಲ್ಲ, ಆ ಸಿಟ್ಟನ್ನೆಲ್ಲ ಅವರ ಮೇಲೆ ತೀರಿಸಿದೆ. "ಹಂಗಾದ್ರ ದೇವರ ಮಾತು ಅನ್ನೋದೇನು ಉಳೀತ್ರಿ ಸರ್?" ಎಂದೆ.

"ನಮ್ಮನಿಯೊಳಗ ಒಂದು ಶ್ಲೋಕಕ್ಕ ಮೂರು ವ್ಯಾಖ್ಯಾನ ಅವ ಟೀಚರ್" ಎಂದರು ಅವರು. "ನಮ್ಮಪ್ಪ ಮೂರಕ್ಕೂ ಬಡದಾಡ್ತಿದ್ದರು. ದೇವರೇನು ಮನಿ ಬಿಟ್ಟು ಹೋಗಲಿಲ್ಲ."

ಆ ಮಾತಿಗೆ ನಾನು ಸೋತೆ. ಅಲ್ಲಿಂದ ಮುಂದೆ ಶನಿವಾರ ಯಾವಾಗ ಬಂದೀತೆಂದು ಕಾಯತೊಡಗಿದೆ. ಎರಡನೆಯ ವರ್ಷದ ಹೊತ್ತಿಗೆ ನನ್ನನ್ನು ಸಹಿಸುವುದು ಕಷ್ಟವಾಗಿತ್ತು. ಊಟಕ್ಕೆ ಕೂತವರಿಗೆ ಪೌಲನ ಪತ್ರಗಳ ಕಾಲ ಹೇಳುತ್ತಿದ್ದೆ. ಕ್ರಿಸ್‌ಮಸ್ಸಿಗೆ ಮಕ್ಕಳು ಆಡುವ ನಾಟಕದಲ್ಲಿ ಜ್ಞಾನಿಗಳು ಮೂವರೇ ಎಂದು ಸತ್ಯವೇದದಲ್ಲಿ ಎಲ್ಲಿದೆ ತೋರಿಸಿ ಎಂದು ಹಟ ಹಿಡಿದು, ಜ್ಞಾನಿಗಳ ವೇಷ ಹಾಕಿದ ಮೂರು ಮಕ್ಕಳಲ್ಲಿ ಒಂದನ್ನು ಅಳುವಂತೆ ಮಾಡಿದೆ. ನಮ್ಮವ್ವ, "ಓದಿದ್ದು ಜಾಸ್ತಿ ಆತು ನಿಂಗ, ಒಂದು ವಾರ ಹೊಲಕ್ಕ ಬಾ, ಇಳೀತೈತಿ" ಎಂದಳು.

ನಮ್ಮವ್ವನ ಜೊತೆ ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರಲ್ಲಿ ಒಬ್ಬಳು ಗದಗದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕಂಟ್ರಾಕ್ಟ್ ಕೆಲಸಗಾರ. ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ. ಆಕೆಯ ಒಂಬತ್ತು ತಿಂಗಳ ಗಂಡುಕೂಸು ಜ್ವರ ಬಂದು ಮೂರೇ ದಿನದಲ್ಲಿ ಹೋಯಿತು. ಆಮೇಲೂ ಪ್ರತಿ ಭಾನುವಾರ ಮಂದಿರಕ್ಕೆ ಬರುತ್ತಿದ್ದಳು, ಸೆರಗು ಹೊದ್ದು ಹೆಂಗಸರ ಸಾಲಿನ ಕೊನೆಯಲ್ಲಿ ಕೂರುತ್ತಿದ್ದಳು. ಆದರೆ ತಿಂಗಳ ಮೊದಲ ಭಾನುವಾರ ಕರ್ತನ ಭೋಜನವೆಂದು, ಅಂದರೆ ಪಾಪಕ್ಷಮೆಯ ಗುರುತಾಗಿ ರೊಟ್ಟಿ, ದ್ರಾಕ್ಷಾರಸ ಹಂಚುವ ದಿನವೆಂದು, ಅಯ್ಯಗಾರು ರೊಟ್ಟಿಯ ತಟ್ಟೆ ಹಿಡಿದು ಸಾಲಿನ ಮುಂದೆ ಬಂದಾಗ ಕೈ ಮುಗಿದು ಬೇಡವೆನ್ನುತ್ತಿದ್ದಳು. ನಮ್ಮಲ್ಲಿ ಅದೊಂದು ರೂಢಿ. ಮನಸ್ಸಿನಲ್ಲಿ ತೀರದ ತಪ್ಪು ಇದ್ದವರು ಆ ದಿನ ರೊಟ್ಟಿ ಮುಟ್ಟುವುದಿಲ್ಲ, ಯಾಕೆಂದು ಯಾರೂ ಕೇಳುವುದೂ ಇಲ್ಲ. ಒಂದು ತಿಂಗಳು, ಎರಡು ತಿಂಗಳು ಬಿಡುವವರಿದ್ದಾರೆ. ಆಕೆ ಎಂಟು ತಿಂಗಳು ಬಿಟ್ಟಿದ್ದಳು.

ಒಂದು ಭಾನುವಾರ ಮಧ್ಯಾಹ್ನ ನಮ್ಮವ್ವನ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ಕೂತಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಆಕೆ ಹೆಚ್ಚು ಮಾತಾಡುವವಳಲ್ಲ, ಅವತ್ತು ಕೇಳಲೇಬೇಕೆಂದು ಬಂದಂತಿತ್ತು.

"ಟೀಚರಮ್ಮ, ನೀವು ಹೇಳಿದ್ರಲ್ರಿ, ಸಾವು ಸುಮ್ಮಸುಮ್ನ ಮನಿಯೊಳಗ ಬರಂಗಿಲ್ಲ ಅಂತ. ಏನ್ ತಪ್ ಮಾಡೀನಿ ಅಂತ ನಾ ಕುಂತು ಕುಂತು ಹುಡುಕೀನ್ರಿ. ಮದಿವಿಗಿ ಮೊದ್ಲ ನಮ್ಮವ್ವನ ಕೂಡ ಜಗಳಾಡಿ ಎರಡು ದಿನ ಮಾತು ಬಿಟ್ಟಿದ್ದೆ. ಅದೇ ಇರಬೋದೇನ್ರಿ?"

ನನ್ನ ಕೈಯಲ್ಲಿದ್ದ ಹಿಟ್ಟು ಅಲ್ಲೇ ನಿಂತಿತು. "ನಾ ಯಾವಾಗ ಹೇಳಿದ್ನವಾ? ಅಯ್ಯಗಾರು ಹೇಳಿದ್ದು ಅದು. ನಾ ಬರೇ ಕನ್ನಡ ಮಾಡಿದ್ದು" ಎಂದೆ.

"ನಂಗ ತೆಲುಗು ತಿಳಿಯಂಗಿಲ್ರಿ. ನಾ ಕೇಳಿದ್ದು ನಿಮ್ಮ ಬಾಯಿಲೇನ."

ಅದು ನಿಜ. ಹತ್ತೊಂಬತ್ತು ವರ್ಷದಲ್ಲಿ ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಯ್ಯಗಾರು ಹೇಳಿದ ಎಲ್ಲವನ್ನೂ, ಒಳ್ಳೆಯದನ್ನೂ ಕಠಿಣವಾದದ್ದನ್ನೂ, ಈಕೆಯಂಥವರು ನನ್ನ ದನಿಯಲ್ಲಿಯೇ ಕೇಳಿದ್ದಾರೆ. ಸಾವು ಸುಮ್ಮನೆ ಬರುವುದಿಲ್ಲ ಎಂದು ಆಕೆಯ ಕೂಸು ಹೋದ ತಿಂಗಳಲ್ಲಿಯೇ ನಾನು ಕೈ ಎತ್ತಿ ಹೇಳಿದ್ದೆ. ಆಗ ನಾನು ಯೋಚಿಸುತ್ತಿದ್ದದ್ದು ಕನ್ನಡ ಸರಿಯಾಗಿ ಬಂತೇ ಎಂದು ಮಾತ್ರ.

ನನ್ನ ಎರಡು ವರ್ಷದ ಓದನ್ನೆಲ್ಲ ಆಕೆಯ ಮುಂದೆ ಸುರುವಿದೆ. ಆ ಮಾತು ಎಲ್ಲಿಯದು, ಆ ಕಾಲದ ಜನ ಕಷ್ಟವನ್ನು ಹೇಗೆ ತಿಳಿದಿದ್ದರು, ಅದೇ ಗ್ರಂಥದಲ್ಲಿ ಅದಕ್ಕೆ ಎದುರು ಮಾತು ಎಲ್ಲೆಲ್ಲಿ ಇದೆ, ಎಲ್ಲ ಹೇಳಿದೆ. ಆಕೆ ಮರ್ಯಾದೆಯಿಂದ ಕೇಳಿಸಿಕೊಂಡಳು.

"ಆತು ಬಿಡ್ರಿ. ಆದ್ರ ಮಂದಿರದಾಗ ನಿಂತು ಹಂಗ ಹೇಳ್ಲಿಲ್ಲಲ್ರಿ ನೀವು" ಎಂದು ಎದ್ದು ಹೋದಳು.

ಎರಡು ವಾರ ಕಳೆದ ಮೇಲಿನ ಭಾನುವಾರ ಅಯ್ಯಗಾರು ಪ್ರಸಂಗಕ್ಕೆ ತೆಗೆದದ್ದು ಸತ್ಯವೇದದ ಒಬ್ಬ ನೀತಿವಂತನ ಕಥೆ. ಹೊಲ, ದನ, ಮಕ್ಕಳು ಎಲ್ಲವನ್ನೂ ಒಂದೇ ದಿನದಲ್ಲಿ ಕಳೆದುಕೊಂಡು ಬೂದಿಯಲ್ಲಿ ಕೂತವನ ಕಥೆ. ಅವನ ಗೆಳೆಯರು ಸಮಾಧಾನ ಹೇಳಲು ಬಂದು, ತಪ್ಪಿಲ್ಲದವನು ಎಲ್ಲಾದರೂ ಹೀಗೆ ನಾಶವಾದದ್ದುಂಟೇ, ನಿನ್ನಲ್ಲಿ ಏನೋ ಇದೆ ಎಂದು ಅವನನ್ನೇ ಚುಚ್ಚುತ್ತಾರೆ. ಅಯ್ಯಗಾರು ಆ ಗೆಳೆಯನ ಮಾತನ್ನು ಓದಿ, ಇದು ದೇವರ ವಾಕ್ಯ ಎಂದು ವಿವರಿಸಲು ಶುರು ಮಾಡಿದರು. ಕಷ್ಟ ಬಂದ ಮನೆಯವರು ಮೊದಲು ತಮ್ಮೊಳಗೆ ಹುಡುಕಿಕೊಳ್ಳಬೇಕು ಎಂದರು.

ಯಾರು ಹೇಳಿದ್ದು, ಯಾರಿಗೆ ಹೇಳಿದ್ದು. ನನ್ನ ತಲೆಯಲ್ಲಿ ಅದೇ ಬಡಿಯತೊಡಗಿತು. ಕೊನೆಯ ಸಾಲಿನಲ್ಲಿ ಆಕೆ ಕೂತಿದ್ದಳು, ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಅಯ್ಯಗಾರು ಮಾತು ನಿಲ್ಲಿಸಿ ನನ್ನ ಕನ್ನಡಕ್ಕೆ ಕಾದರು.

ನಾನು ಹೇಳಿದೆ: "ಹಾಗೆಂದು ಅವನ ಗೆಳೆಯ ಹೇಳಿದ. ಅದು ದೇವರ ಮಾತಲ್ಲ. ಕಥೆಯ ಕೊನೆಯಲ್ಲಿ ದೇವರು ಆ ಗೆಳೆಯರ ಮೇಲೆ ಸಿಟ್ಟಾಗಿ, ನನ್ನ ವಿಷಯದಲ್ಲಿ ನೀವು ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಮಕ್ಕಳನ್ನು ಕಳೆದುಕೊಂಡವನ ತಪ್ಪು ಏನೂ ಇರಲಿಲ್ಲ."

ಅಯ್ಯಗಾರು ನನ್ನತ್ತ ತಿರುಗಿದರು. ಗಂಡಸರ ಕಡೆಯಿಂದ ಯಾರೋ ಕೆಮ್ಮಿದರು. ಅಯ್ಯಗಾರು ಮುಂದಿನ ವಾಕ್ಯ ಹೇಳಿದರು, ನಾನು ಅದನ್ನೂ ನನಗೆ ಸರಿಕಂಡಂತೆ ಹೇಳಿದೆ. ಹೀಗೆ ಇಪ್ಪತ್ತು ನಿಮಿಷ. ಅವರು ಬಲಕ್ಕೆ ಹೋದರೆ ನಾನು ಎಡಕ್ಕೆ. ಎರಡೂ ಭಾಷೆ ಬಲ್ಲವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ನನಗೆ ಭಯವೇ ಆಗಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಗುತ್ತಿತ್ತು, ನನ್ನ ಓದು ಕೊನೆಗೂ ಒಂದು ಕೆಲಸಕ್ಕೆ ಬಂತು ಎಂಬ ಖುಷಿ.

ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಚಪ್ಪಲಿ ಹುಡುಕುತ್ತಾ, "ಇವತ್ತು ಒಂದು ಟಿಕೀಟಿಗೆ ಎರಡು ಆಟ ಆದ್ವು ಬಿಡವಾ" ಎಂದರು. ಅಯ್ಯಗಾರು ಪಕ್ಕದ ಕೋಣೆಗೆ ಕರೆದರು. ಅಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕಪಾಟು, ಗೋಡೆಗೆ ಹೋದ ವರ್ಷದ ಕ್ಯಾಲೆಂಡರು. ಅವರು ಕೂತರು, ನನಗೆ ಕೂರಲು ಹೇಳಲಿಲ್ಲ.

"ನೀ ತರ್ಜುಮಿ ಮಾಡ್ಲಿಲ್ಲ ಅಮ್ಮಾಯಿ. ನನ್ನ ತಿದ್ದಿದಿ."

ನಾನು ವಾದಕ್ಕೆ ತಯಾರಾಗಿಯೇ ಹೋಗಿದ್ದೆ. ಕೊನೆಯ ಅಧ್ಯಾಯ ತೆಗೆದು, ದೇವರು ಗೆಳೆಯರನ್ನು ಗದರಿಸುವ ಜಾಗಕ್ಕೆ ಬೆರಳಿಟ್ಟು ಅವರ ಮುಂದೆ ಹಿಡಿದೆ. ಅವರು ಪುಸ್ತಕದ ಕಡೆ ನೋಡಲೂ ಇಲ್ಲ.

"ಗೊತ್ತೈತಿ. ಪ್ರತಿ ವರ್ಷ ಓದ್ತೀನಿ. ಅಲ್ಲಿಗೆ ಬಂದಾಗ ಜಲ್ದಿ ಜಲ್ದಿ ಓದಿ ಮುಂದ ಹೋಗ್ತೀನಿ."

"ಯಾಕ್ರಿ?"

ಅವರು ಎದ್ದು ಬಾಗಿಲು ಮುಂದೆ ಮಾಡಿದರು. ಆಮೇಲೆ ಹೇಳಿದರು. ಮೂವತ್ತು ವರ್ಷದ ಹಿಂದೆ, ಕುರುಗೋಡಿಗೆ ಬರುವ ಮೊದಲು, ಆದೋನಿಯ ಆಚೆ ಒಂದು ಊರಿನಲ್ಲಿದ್ದಾಗ ಅವರಿಗೆ ಒಬ್ಬಳು ಮಗಳಿದ್ದಳು. ನಾಲ್ಕು ವರ್ಷದವಳು, ಹೆಸರನ್ನೂ ಹೇಳಿದರು. ಅವಳಿಗೆ ಜ್ವರ ಇದ್ದಾಗಲೇ ಮೂರು ದಿನದ ದೊಡ್ಡ ಕೂಟದಲ್ಲಿ ಪ್ರಸಂಗ ಮಾಡಲು ಹೋದರು. ಅಲ್ಲಿ ಮಾತಾಡಲು ಕರೆಯುವುದೇ ಒಂದು ಹೆಸರು. ತಿರುಗಿ ಬರುವುದರೊಳಗೆ ಮಗಳು ಇರಲಿಲ್ಲ. ಅಮ್ಮಗಾರು, ಅಂದರೆ ಅವರ ಹೆಂಡತಿ, ತೀರಿಕೊಳ್ಳುವವರೆಗೂ ಅದರ ಮಾತು ಎತ್ತಲಿಲ್ಲವಂತೆ. ನಮ್ಮೂರಿನಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

"ದೇವರ ಕೆಲಸ ಅಂತ ಹೋದೆ ಅಂತ ಮಂದಿ ಅಂದ್ರು. ದೇವರ ಕೆಲಸ ಅಲ್ಲ, ನನ್ನ ಹೆಸರಿನ ಆಸಿ ಅದು. ಅದಕ್ಕ ಶಿಕ್ಷಾ ಆತು ಅಂತ ತಿಳ್ಕೊಂಡು ತಡ್ಕೊಂಡೀನಿ ಇಷ್ಟು ವರ್ಷ. ತಪ್ಪಿದ್ರ ಕ್ಷಮಾ ಕೇಳಬೋದು. ಶಿಕ್ಷಾ ಅಲ್ಲ, ಸುಮ್ನ ಹೋತು ಅಂತ ನೀ ಹೇಳಿದ್ರ, ನಾ ಯಾರನ್ನ ಏನಂತ ಕೇಳ್ಲಿ ಹೇಳು?"

ನನ್ನ ಬೆರಳು ಇನ್ನೂ ಆ ಪುಟದ ಮೇಲೆಯೇ ಇತ್ತು. ತೆಗೆದೆ. ಪಾರ್ವತಿನಗರದ ಕೋಣೆಯಲ್ಲಿ ಅಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಒಬ್ಬರ ಗಾಯಕ್ಕೆ ಔಷಧ ಎಂದು ನಾನು ತಂದದ್ದು ಇನ್ನೊಬ್ಬರು ಮೂವತ್ತು ವರ್ಷ ಊರಿಕೊಂಡು ನಡೆದ ಕೋಲನ್ನು ಕಸಿದುಕೊಂಡಿತ್ತು. ನಾಚಿಕೆಯಾಯಿತು, ಅವರ ಕಾಲ ಬಳಿ ಕೂತು ಅಳಬೇಕೆನಿಸಿತು, ಎರಡೂ ಮಾಡದೆ ಹೊರಗೆ ಬಂದೆ.

ಅದೇ ಸಂಜೆ ಇನ್ನೊಂದು ಪೆಟ್ಟು. ಆ ಹೆಣ್ಣುಮಗಳು ಮಂದಿರದಿಂದ ಹಗುರಾಗಿ ನಡೆದು ಹೋಗಿದ್ದಳಂತೆ. ಮನೆ ಮುಟ್ಟಿದ ಮೇಲೆ ಗಂಡ ಹೇಳಿದ್ದಾನೆ. ಅವನೂ ಮಂದಿರದಲ್ಲಿದ್ದ, ಅವನಿಗೆ ತೆಲುಗು ಬರುತ್ತದೆ. "ಅಯ್ಯಗಾರು ಹಂಗ ಹೇಳೇ ಇಲ್ಲ, ಟೀಚರಮ್ಮ ತನ್ನ ತಲಿಯಿಂದ ಸೇರ್ಸಿ ಹೇಳ್ಯಾರ" ಎಂದು. ಆಕೆಗೆ ಸಿಕ್ಕಿದ ಸಮಾಧಾನ ಮಂದಿರದಿಂದ ಮನೆಯವರೆಗೆ ಮಾತ್ರ ಬಾಳಿತು. ನಮ್ಮವ್ವ ಇದನ್ನು ಹೇಳುವಾಗ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಶನಿವಾರ ಮೇಷ್ಟ್ರ ಮನೆಗೆ ಹೋದೆ. ಸತ್ಯನಾರಾಯಣಪೇಟೆಯ ಓಣಿಯೊಂದರಲ್ಲಿ ಅವರ ಹಳೆಯ ಮನೆ. ಕಟ್ಟೆಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅರ್ಥ ಸರಿಯೋ ತಪ್ಪೋ ಅಷ್ಟು ಹೇಳಿ ಎಂದು ಕೇಳಿದೆ, ಸರಿ ಎನ್ನುತ್ತಾರೆಂದು ಗೊತ್ತಿದ್ದೇ ಕೇಳಿದೆ.

"ಅರ್ಥ ಸರಿ ಅದ" ಎಂದರು. "ಆ ಗೆಳೆಯನ ಮಾತನ್ನ ದೇವರ ಮಾತು ಅನ್ನೋದು ತಪ್ಪ. ಆದ್ರ ಟೀಚರ್, ನೀವು ಮಾಡಿದ್ದು ಏನು? ಇನ್ನೊಬ್ಬರ ಮಾತಿನೊಳಗ ನಿಮ್ಮ ಮಾತು ಸೇರಿಸಿ, ಅವರ ಹೆಸರಿನ್ಯಾಗ ನಡಿಸಿದ್ರಿ. ತಾಳೆಗರಿಯೊಳಗ ಹೀಂಗ ಮಾಡಿದವರನ್ನ ಗುರುತು ಹಿಡಿಯೋದು ಎರಡು ವರ್ಷ ಕಲ್ತೀರಿ."

ಅವರ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

"ಒಳ್ಳೇ ಉದ್ದೇಶಕ್ಕನ ಎಲ್ಲಾರೂ ಸೇರಸೋದು" ಎಂದು ಅವರು ಮೆತ್ತಗೆ ಹೇಳಿದರು. "ಕೆಟ್ಟ ಮನಸಿನಿಂದ ಸೇರಿಸಿದವರನ್ನ ನಾ ಇನ್ನೂ ಕಂಡಿಲ್ಲ. ನಿಮ್ಮ ಮಾತು ನಿಮ್ಮ ಹೆಸರಿನ್ಯಾಗ ಹೇಳ್ರಿ. ಅವರ ಮಾತು ಅವರ ಬಾಯಿಂದನ ಬರಲಿ. ಬರದಿದ್ರ ಕಾಯ್ರಿ."

ಒಳಗಿನಿಂದ ಅವರ ಮನೆಯವರು ನನಗೆ ಕಾಫಿ ತಂದುಕೊಟ್ಟರು. ಅವರ ಮನೆಯ ಲೋಟದಲ್ಲಿ ನಾನು ಕುಡಿದೆ. ಕುಡಿಯುವಾಗ ಅವರು ಮುಟ್ಟದ ನಮ್ಮ ಚಹಾದ ಮಾತು ಎತ್ತಬೇಕೆನಿಸಿತ್ತು, ಆದರೆ ಅವತ್ತು ನನಗೆ ಜಗಳಕ್ಕೆ ಶಕ್ತಿ ಇರಲಿಲ್ಲ.

ಮರುದಿನ ಆರಾಧನೆಗೆ ಮೊದಲು ಅಯ್ಯಗಾರ ಹತ್ತಿರ ಹೋಗಿ ತಪ್ಪಾಯಿತೆಂದೆ. ನಾನು ಹೇಳಿದ ಅರ್ಥಕ್ಕಲ್ಲ, ನಿಮ್ಮ ಮಾತಿನಲ್ಲಿ ಅದನ್ನು ತೂರಿಸಿದ್ದಕ್ಕೆ ಎಂದೂ ಹೇಳಿದೆ. ಅಷ್ಟು ಬಿಡಿಸಿ ಹೇಳದಿದ್ದರೆ ನನ್ನ ಜೀವಕ್ಕೆ ಸಮಾಧಾನವಿಲ್ಲ. ಅವರು "ಆಯ್ತಮ್ಮಾಯಿ" ಎಂದರು, ಅಷ್ಟೇ. ಆ ದಿನ, ಮತ್ತು ಅದರ ಮುಂದಿನ ವಾರವೂ, ಪಕ್ಕದಲ್ಲಿ ನಿಲ್ಲಲು ಬೇರೊಬ್ಬ ಹುಡುಗನನ್ನು ಕರೆದರು. ಅವನು ಕನ್ನಡ ಹುಡುಕುತ್ತಾ ತಡವರಿಸುತ್ತಿದ್ದ. ನಾನು ಹೆಂಗಸರ ನಡುವೆ ಚಾಪೆಯ ಮೇಲೆ ಕೂತು ನಾಲಿಗೆ ಕಚ್ಚಿಕೊಂಡಿದ್ದೆ.

ಕೊನೆಯ ಸಾಲಿನವಳ ಹತ್ತಿರವೂ ಹೋಗಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಅಯ್ಯಗಾರ ಮಗಳ ವಿಷಯ ಮಾತ್ರ ಹೇಳಲಿಲ್ಲ, ಅದು ನನ್ನದಲ್ಲ. "ನಾ ಅವತ್ತು ಹೇಳಿದ್ದು ನನ್ನ ಮಾತವಾ, ನಾ ಓದಿ ತಿಳ್ಕೊಂಡದ್ದು. ನಂಗ ಅದು ಖರೇ ಅನ್ನಿಸ್ತೈತಿ. ನೀ ನಂಬೋದು ಬಿಡೋದು ನಿಂಗ ಬಿಟ್ಟಿದ್ದು" ಎಂದೆ. ಆಕೆ ತಲೆ ಆಡಿಸಿದಳು. ನಂಬಿದಳೆಂದು ನನಗೆ ಅನಿಸಲಿಲ್ಲ.

ತಿಂಗಳ ಮೊದಲ ಭಾನುವಾರ ಬಂತು. ಮೇಜಿನ ಮೇಲೆ ಬಿಳಿ ಬಟ್ಟೆ ಹೊದಿಸಿದ ತಟ್ಟೆ, ನಮ್ಮವ್ವ ಕುದಿಸಿ ಸೋಸಿದ ದ್ರಾಕ್ಷಾರಸದ ಚಿಕ್ಕ ಲೋಟಗಳು. ಅಯ್ಯಗಾರು ಎದ್ದು ನಿಂತು ನನ್ನ ಕಡೆ ನೋಡಿದರು, ಕೈಸನ್ನೆ ಮಾಡಿದರು. ನಾನು ಹೋಗಿ ಅವರ ಎಡಗಡೆ ನಿಂತೆ.

ಅವರು ಅದೇ ಕಥೆಯನ್ನು ತೆಗೆದರು. ಈ ಸಲ ಕೊನೆಯ ಅಧ್ಯಾಯ. ನಿಧಾನವಾಗಿ ಓದಿದರು. ಆಮೇಲೆ ತೆಲುಗಿನಲ್ಲಿ, ಹೋದ ತಿಂಗಳು ನಾನು ನಿಮಗೆ ಹೇಳಿದ್ದು ಆ ಗೆಳೆಯರ ಮಾತು, ದೇವರ ಮಾತಲ್ಲ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಮ್ಮಿ ಇಲ್ಲ. ಅದನ್ನೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ತಪ್ಪು ನನ್ನದು ಎಂದರು. ಅದನ್ನೂ ಹೇಳಿದೆ. ಮಕ್ಕಳನ್ನು ಕಳೆದುಕೊಂಡವರು ಇಲ್ಲಿ ಇದ್ದಾರೆ, ಅವರಿಗೆ ನಾನು ಕಾರಣ ಹೇಳಲಾರೆ, ಅವರ ಪಕ್ಕ ಕೂರಬಲ್ಲೆ ಎಂದರು. ಇದನ್ನು ಹೇಳಲು ನಾನು ಎರಡು ಸಲ ಶುರು ಮಾಡಬೇಕಾಯಿತು. ಎರಡೂ ಭಾಷೆ ಬಲ್ಲವರು ಅವತ್ತು ಎರಡು ಸಲವೂ ತಲೆ ಆಡಿಸಲಿಲ್ಲ.

ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತೆವು. ತಟ್ಟೆ ಬಂದಾಗ ಕಣ್ಣು ತೆರೆದು ತುಣುಕು ತೆಗೆದುಕೊಂಡು ಮತ್ತೆ ಮುಚ್ಚುವುದು ನಮ್ಮ ಪದ್ಧತಿ. ಅವತ್ತು ನಾನು ಮುಚ್ಚಲಾರದೆ ಹಿಂದಕ್ಕೆ ತಿರುಗಿ ನೋಡುತ್ತಿದ್ದೆ. ಅಯ್ಯಗಾರು ಕೊನೆಯ ಸಾಲಿಗೆ ಹೋಗಿ ಆಕೆಯ ಮುಂದೆ ನಿಂತರು. ಆಕೆ ಕೈ ಮುಗಿದಳು. ಅವರು ಮುಂದೆ ಹೋಗಲಿಲ್ಲ. ಮೊಣಕಾಲೂರಿ ಕೂತು ಸಂತೆಯ ಕನ್ನಡದಲ್ಲಿ, "ತಗೋವಾ, ನಿಂದೇನೂ ತಪ್ಪಿಲ್ಲ" ಎಂದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಒಂದು ತುಣುಕು ತೆಗೆದು ಬಾಯಿಗೆ ಹಾಕಿಕೊಂಡಳು. ನಾನು ಅತ್ತೆ. ಪಕ್ಕದವರು ನೋಡಿದರೆ ನೋಡಲಿ ಎಂದು ಅತ್ತೆ.

ಎಲ್ಲ ಮುಗಿದು ಜನ ಹೋದ ಮೇಲೆ ಹೊರಗಿನ ನಲ್ಲಿಯ ಹತ್ತಿರ ನಾನೂ ಆಕೆಯೂ ಆ ಚಿಕ್ಕ ಲೋಟಗಳನ್ನು ತೊಳೆಯುತ್ತಿದ್ದೆವು. ಬಿಸಿಲು ಜೋರಾಗಿತ್ತು. ನನಗೆ ಮನಸ್ಸು ತುಂಬಿತ್ತು, ಒಂದು ದೊಡ್ಡ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

"ಅಯ್ಯಗಾರು ಇವತ್ತೂ ತಗೊಳ್ಳಲಿಲ್ರಿ ಟೀಚರಮ್ಮ" ಎಂದಳು ಆಕೆ.

"ಏನು?"

"ರೊಟ್ಟಿ. ಅವ್ರು ತಗೊಳ್ಳಂಗಿಲ್ರಿ. ಎಲ್ಲಾರಿಗೂ ಕೊಟ್ಟು, ಅತ್ಲಾಗ ತಿರುಗಿ ನಿಂತು ತಟ್ಟಿ ಮ್ಯಾಲ ಬಟ್ಟಿ ಮುಚ್ಚಿ ಇಡ್ತಾರ. ಎಂಟು ತಿಂಗ್ಳಿಂದ ನೋಡೀನಿ. ನೀವೆಲ್ಲಾ ಕಣ್ಣ ಮುಚ್ಚಿರ್ತೀರಿ. ನಾ ರೊಟ್ಟಿ ತಗೊಳ್ಳದಾಕಿ, ಕಣ್ಣ ತಗದು ಕುಂತಿರ್ತಿದ್ದೆ."

ನನ್ನ ಕೈಯಲ್ಲಿನ ಲೋಟಕ್ಕೆ ನೀರು ತುಂಬಿ ಹರಿಯುತ್ತಲೇ ಇತ್ತು. ಹತ್ತೊಂಬತ್ತು ವರ್ಷ ಅವರ ಪಕ್ಕದಲ್ಲಿ ನಿಂತವಳು ನಾನು. ಪ್ರತಿ ತಿಂಗಳು ನೂರಾರು ಜನಕ್ಕೆ ಕ್ಷಮೆಯನ್ನು ಕೈಯಾರೆ ಕೊಟ್ಟು, ತಾವು ಹಸಿದೇ ಮನೆಗೆ ಹೋಗುತ್ತಿದ್ದ ಮನುಷ್ಯನನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅವರ ಒಂದೊಂದು ಮಾತನ್ನೂ ಗಮನವಿಟ್ಟು ಕೇಳಿದ್ದೆ.

ಆಕೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ನಡೆದಳು. ನಾನು ಹಿಂದೆ ಹೋದೆ. ಅಯ್ಯಗಾರು ಮೇಜಿನ ಬಳಿ ಒಬ್ಬರೇ ಇದ್ದರು. ಆಕೆ ಬಟ್ಟೆ ಸರಿಸಿ ತಟ್ಟೆ ಎತ್ತಿ ಅವರ ಮುಂದೆ ಹಿಡಿದಳು. ಎರಡು ಮೂರು ತುಣುಕು ಉಳಿದಿದ್ದವು.

"ತಗೋರಿ ಅಯ್ಯಗಾರೂ."

ಅವರು ಆಕೆಯ ಬದಲು ನನ್ನ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದರು: "ನೇನು ಯೋಗ್ಯುಣ್ಣಿ ಕಾದನಿ ಆಮೆತೋ ಚೆಪ್ಪು."

ಹೇಳಿದ್ದನ್ನು ಹೇಳಿದ ಹಾಗೆ ಕನ್ನಡ ಮಾಡಿದೆ. "ನಾನು ಯೋಗ್ಯನಲ್ಲ ಅಂತ ಹೇಳ್ತಾರವಾ."

"ನಂಗ ಕೊಡುವಾಗ ಯೋಗ್ಯಳೇನು ಅಂತ ಕೇಳ್ಲಿಲ್ಲಲ್ರಿ ಅವ್ರು" ಎಂದಳು. ತಟ್ಟೆ ಕೆಳಗಿಳಿಸಲಿಲ್ಲ.

ಅಯ್ಯಗಾರಿಗೆ ಆ ಮಾತು ಚೆನ್ನಾಗಿಯೇ ತಿಳಿಯಿತು. ಆದರೂ ಅವರು ನನ್ನ ಮುಖ ನೋಡುತ್ತಾ ನಿಂತರು, ಪ್ರಸಂಗದ ನಡುವೆ ನನ್ನ ಕನ್ನಡಕ್ಕೆ ಕಾಯುವ ಹಾಗೆ. ನಾನು ಆಕೆಯ ಮಾತನ್ನು ತೆಲುಗಿನಲ್ಲಿ ಹೇಳಿದೆ. ನನ್ನದೇನೂ ಸೇರಿಸಲಿಲ್ಲ, ಸೇರಿಸುವಂಥದ್ದು ನನ್ನ ಹತ್ತಿರ ಏನೂ ಇರಲಿಲ್ಲ. ಅವರು ಒಂದು ತುಣುಕು ತೆಗೆದುಕೊಂಡು, ಮಗಳ ಹೆಸರನ್ನು ಬಾಯೊಳಗೇ ಒಮ್ಮೆ ಹೇಳಿ, ತಿಂದರು.